ಷೆಡ್ಡಿನ ಕಾರು ಮತ್ತು ನನ್ನ ಶುಕ್ರವಾರದ ಸುಳ್ಳು

ಅಬ್ಬ ದಮಾಮಿಗೆ ಹೊರಟದ್ದು ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷದ ಮೇ ತಿಂಗಳಲ್ಲಿ. ಹೊರಡುವ ದಿನ ಕಾರಿನ ಕೀ ನನ್ನ ಕೈಯಲ್ಲಿಟ್ಟು, "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು. ಷೆಡ್ಡಿನಿಂದ ಹೊರಗೆ ಮಾತ್ರ ತೆಗೆಯಬೇಡ" ಎಂದರು. ನನಗೆ ಲೈಸೆನ್ಸಿನ ವಯಸ್ಸಾಗಿರಲಿಲ್ಲ. ಕಾರು ದೊಡ್ಡದೇನಲ್ಲ, ಹಳೆಯ ಮಾರುತಿ 800. ಕಂಪೆನಿ ಅದನ್ನು ತಯಾರಿಸುವುದನ್ನೇ 2014ರಲ್ಲಿ ನಿಲ್ಲಿಸಿದೆ. ಆದರೆ ಅಜ್ಜನನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅದರಲ್ಲಿ. ಅಕ್ಕ ಮದುವೆಯಾಗಿ ಮನೆಯಿಂದ ಹೊರಟದ್ದೂ ಅದರಲ್ಲೇ.

ನಾಲ್ಕು ವಾರ ಹೇಳಿದ ಹಾಗೆ ಮಾಡಿದೆ. ಆಮೇಲೆ ಕಾಲೇಜು ಶುರುವಾಯಿತು, ಮಳೆ ಬಂತು, ಟೆಸ್ಟ್ ಬಂತು. ಅಬ್ಬ ಪ್ರತಿ ಶುಕ್ರವಾರ ಜುಮಾ ಮುಗಿಸಿ ಫೋನ್ ಮಾಡುತ್ತಿದ್ದರು. ಎಲ್ಲರ ಕ್ಷೇಮ ಕೇಳಿದ ಮೇಲೆ ಕೊನೆಯ ಪ್ರಶ್ನೆ ಯಾವಾಗಲೂ ಅದೇ: "ಕಾರು ಸ್ಟಾರ್ಟ್ ಮಾಡಿದೆಯಾ?" ನಾನೂ ಆಗಷ್ಟೇ ಪಳ್ಳಿಯಿಂದ ಬಂದಿರುತ್ತಿದ್ದೆ, ತಲೆಯ ಮೇಲಿನ ಟೊಪ್ಪಿ ಕೂಡ ತೆಗೆದಿರುತ್ತಿರಲಿಲ್ಲ. "ಹೂಂ ಅಬ್ಬಾ, ನಿನ್ನೆಯೇ ಮಾಡಿದೆ" ಎನ್ನುತ್ತಿದ್ದೆ. ಮೊದಲನೇ ಸಲ ಹಾಗೆ ಹೇಳುವಾಗ ಗಂಟಲು ಒಣಗಿತ್ತು. ಹತ್ತನೇ ಸಲಕ್ಕೆ ಏನೂ ಆಗಲಿಲ್ಲ.

ಹೀಗೆ ವರ್ಷ ದಾಟಿತು. ಈ ಜುಲೈಯಲ್ಲಿ ಅಬ್ಬನಿಗೆ ರಜೆ ಸಿಕ್ಕಿತು. "ಹತ್ತು ದಿನದಲ್ಲಿ ಬರುತ್ತೇನೆ, ಮಾಮ ನಮ್ಮ ಕಾರಿನಲ್ಲೇ ಬಜ್ಪೆಗೆ ಬರಲಿ" ಎಂದರು. ಫೋನಿಟ್ಟವನೇ ಷೆಡ್ಡಿಗೆ ಓಡಿದೆ. ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಎಂಬ ಸದ್ದು, ಅಷ್ಟೇ. ಮೀಟರಿನ ದೀಪ ಮಿಣುಕಿ ಆರಿಹೋಯಿತು. ಸಂಜೆ ಮೂವರು ಗೆಳೆಯರನ್ನು ಕರೆದು ದೂಡಿಸಿ ಸ್ಟಾರ್ಟ್ ಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ಉಮ್ಮನಿಗೆ ಏನೋ ವಾಸನೆ ಬಡಿದಿರಬೇಕು, ರಸ್ತೆಬದಿಯ ಗ್ಯಾರೇಜಿನ ಕಾಕನಿಗೆ ಹೇಳಿಕಳುಹಿಸಿದರು.

ಕಾಕ ಬಂದವರೇ ಮಾಡಿದ ಮೊದಲ ಕೆಲಸ ಕೀಯನ್ನು ನನ್ನ ಕೈಯಿಂದ ಕಿತ್ತುಕೊಂಡು ಜೇಬಿಗೆ ಹಾಕಿದ್ದು. "ವರ್ಷಗಟ್ಟಲೆ ಮಲಗಿದವನನ್ನು ಎಬ್ಬಿಸಿ ಓಡು ಅಂತ ಹೇಳ್ತೀಯಾ ಮೋನೇ?" ಎಂದರು. (ನಾವು ಮಾತಾಡಿದ್ದು ಬ್ಯಾರಿಯಲ್ಲಿ. ಕಾಕನ ಬೈಗುಳಕ್ಕೆ ಕನ್ನಡದಲ್ಲಿ ಅಷ್ಟು ಖಾರ ಬರುವುದಿಲ್ಲ.) ನಿಂತ ಇಂಜಿನ್ನಿನ ಆಯಿಲ್ ಎಲ್ಲ ಇಳಿದು ಕೆಳಗಿನ ಸಂಪಿನಲ್ಲಿ ಕೂತಿರುತ್ತದಂತೆ. ಸಿಲಿಂಡರಿನ ಗೋಡೆಗಳು ಒಣಗಿರುತ್ತವೆ, ನಮ್ಮ ಕರಾವಳಿಯ ತೇವಕ್ಕೆ ತುಕ್ಕು ಹಿಡಿದಿದ್ದರೂ ಹಿಡಿದಿರಬಹುದು. ದೂಡಿ ಸ್ಟಾರ್ಟ್ ಮಾಡಿದ್ದರೆ ಒಣ ಲೋಹದ ಮೇಲೆ ಒಣ ಲೋಹ ಉಜ್ಜುತ್ತಿತ್ತು.

ಬಾನೆಟ್ ಎತ್ತಿ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರು. ಒಳಗೆ ಇಲಿಯ ಗೂಡು! ತೆಂಗಿನ ನಾರು, ಕಾಗದ, ಬಟ್ಟೆಯ ಚೂರು. ಪಕ್ಕದ ಎರಡು ವಯರುಗಳನ್ನೂ ಕಡಿದುಹಾಕಿತ್ತು. ತಾಮ್ರ ಹೊರಗೆ ಕಾಣುತ್ತಿತ್ತು. ಕರೆಂಟ್ ಸರಿ ಇದ್ದಿದ್ದರೆ ಅಲ್ಲಿ ಕಿಡಿ ಹಾರಿ ಗೂಡಿಗೆ ಬೆಂಕಿ ಹಿಡಿಯಬಹುದಿತ್ತು ಎಂದರು. ಬ್ಯಾಟರಿ ಸತ್ತದ್ದು ಒಂದು ರೀತಿಯಲ್ಲಿ ನನ್ನ ಅದೃಷ್ಟ.

ಆ ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನೂ ಸ್ವಲ್ಪ ಮಾತಾಡಿದೆ. ಲೆಡ್ ಸ್ಟೋರೇಜ್ ಬ್ಯಾಟರಿ, ಶೇಕಡಾ 38ರ ಸಲ್ಫ್ಯೂರಿಕ್ ಆಸಿಡ್, ಡಿಸ್ಚಾರ್ಜ್ ಆದಾಗ ಎರಡೂ ಪ್ಲೇಟಿನಲ್ಲಿ ಲೆಡ್ ಸಲ್ಫೇಟ್: ಕೆಮಿಸ್ಟ್ರಿ ತರಗತಿಯಲ್ಲಿ ಆಗಷ್ಟೇ ಆದ ಪಾಠ. "ಹೌದಾ? ಆ ಸಲ್ಫೇಟ್ ತಿಂಗಳುಗಟ್ಟಲೆ ಹಾಗೇ ಕೂತರೆ ಗಟ್ಟಿಯಾಗ್ತದೆ, ಮತ್ತೆ ಎಷ್ಟು ಚಾರ್ಜ್ ಕೊಟ್ಟರೂ ಕರಗುದಿಲ್ಲ. ಅದು ನಿನ್ನ ಪುಸ್ತಕದಲ್ಲಿ ಉಂಟಾ?" ಎಂದು ಮೀಟರ್ ಹಿಡಿದು ತೋರಿಸಿದರು. ಒಳ್ಳೆಯ ಬ್ಯಾಟರಿ ತುಂಬಿದಾಗ 12.6 ವೋಲ್ಟ್ ಇರಬೇಕು. ಇದು 9ನ್ನೂ ಮುಟ್ಟುತ್ತಿರಲಿಲ್ಲ. ಹೊಸದನ್ನೇ ತರಬೇಕಾಯಿತು. ಉಮ್ಮ ಚಿಟ್‌ಫಂಡಿನ ಹಣ ತೆಗೆದರು. ನನ್ನ ಮುಖ ನೋಡಲಿಲ್ಲ.

ಮರುದಿನ ಭಾನುವಾರ ಇಡೀ ದಿನ ಕೆಲಸ. ಟ್ಯಾಂಕಿನ ಹಳೆ ಪೆಟ್ರೋಲ್ ಕ್ಯಾನಿಗೆ ಇಳಿಸಿದೆವು. ವಾರ್ನಿಷ್‌ನಂಥ ವಾಸನೆ. ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋದ ಮೇಲೆ ಉಳಿಯುವುದು ಅಂಟು, ಅದರೊಳಗಿನ ಎಥೆನಾಲ್ ಬೇರೆ ನೀರನ್ನು ಎಳೆದುಕೊಳ್ಳುತ್ತದೆ. ಕಡಿದ ವಯರುಗಳನ್ನು ಕಾಕ ಬೆಸುಗೆ ಹಾಕಿದರು. ಮೂರು ಸಿಲಿಂಡರಿನ ಮೂರು ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಒಂದು ಚಮಚದಷ್ಟು ಆಯಿಲ್ ಬಿಟ್ಟು, ಊಟ ಮಾಡಿ ಬರುವವರೆಗೆ ಹಾಗೇ ಬಿಟ್ಟರು. ನೆಯ್ಚೋರು ತಿಂದು ಬಂದ ಮೇಲೆ ದೊಡ್ಡ ಸ್ಪ್ಯಾನರ್ ನನ್ನ ಕೈಗೆ ಕೊಟ್ಟು ಇಂಜಿನ್ನನ್ನು ಕೈಯಲ್ಲೇ ತಿರುಗಿಸಲು ಹೇಳಿದರು. ಬಿಗಿಯಾಗಿತ್ತು. ಸ್ವಲ್ಪ ಸ್ವಲ್ಪವೇ ಸಡಿಲಾಯಿತು. ಎರಡು ಪೂರ್ತಿ ಸುತ್ತು. ಆ ಹೊತ್ತಿನಲ್ಲಿ ನನ್ನ ಬಾಯಲ್ಲಿ ಬರುತ್ತಿದ್ದ ದುಆಗಳ ಲೆಕ್ಕ ಅಲ್ಲಾಹುವಿಗೇ ಗೊತ್ತು.

ಬಳಿಕ ಹೊಸ ಆಯಿಲ್ ಹಾಕಿ, ಕೂಲೆಂಟ್, ಬ್ರೇಕ್ ಆಯಿಲ್ ನೋಡಿ, ಬ್ಯಾಟರಿ ಕೂರಿಸಿದರು. ಮೊದಲು ಪ್ಲಸ್, ಕೊನೆಗೆ ಮೈನಸ್. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಕಾಯಿಲಿನ ಪಿನ್ ಕಳಚಿ, ಐದು ಸೆಕೆಂಡು ಸೆಲ್ಫ್ ಹೊಡೆದು ನಿಲ್ಲಿಸಿದರು. ಮತ್ತೆ ಐದು ಸೆಕೆಂಡು. ಮೂರನೆಯ ಸಲಕ್ಕೆ ಮೀಟರಿನ ಕೆಂಪು ಆಯಿಲ್ ದೀಪ ಆರಿತು. "ಈಗ ಆಯಿಲ್ ಮೇಲೆ ಹತ್ತಿತು" ಎಂದು ಪ್ಲಗ್, ಪಿನ್, ಫ್ಯೂಸ್ ಎಲ್ಲವನ್ನೂ ಹಿಂದಿನ ಜಾಗಕ್ಕೆ ಹಾಕಿ ಐದು ಲೀಟರ್ ಹೊಸ ಪೆಟ್ರೋಲ್ ಸುರಿದರು.

ಕೀ ಕೊಡುವ ಮೊದಲು ಕೇಳಿದರು: "ಮೊದಲು ಮಾಡುವಾಗ ಹೇಗೆ ಮಾಡ್ತಿದ್ದಿ?" ಮಳೆ ನೀರು ಒಳಗೆ ಬಡಿಯುತ್ತದೆಂದು ಶಟರ್ ಎಳೆದು, ಒಳಗೇ ಮೊಬೈಲ್ ನೋಡುತ್ತ ಕೂರುತ್ತಿದ್ದೆ ಎಂದೆ. ಕಾಕನ ಮುಖ ಬಿಳಿಚಿತು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ನಿದ್ದೆ ಬಂದ ಹಾಗಾಗುತ್ತದೆ, ಅಷ್ಟೇ. ಅವರು ಏನೂ ಬೈಯಲಿಲ್ಲ. ಹೋಗಿ ಶಟರನ್ನು ಪೂರ್ತಿ ಮೇಲಕ್ಕೆ ಎತ್ತಿ, ಅದರ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಷೆಡ್ಡಿನಲ್ಲಿ ಹತ್ತು ನಿಮಿಷ ಇಂಜಿನ್ ಬಿಡುವುದರಿಂದ ಬ್ಯಾಟರಿಯೂ ತುಂಬುವುದಿಲ್ಲ, ಸೈಲೆನ್ಸರಿನ ನೀರೂ ಒಣಗುವುದಿಲ್ಲ, ಮಾಮನಿಗೆ ಹೇಳಿ ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕಿತ್ತು ಎಂದು ಆಮೇಲೆ ಹೇಳಿದರು. ಅಂದರೆ ಅಬ್ಬ ಹೇಳಿದ್ದೂ ಪೂರ್ತಿ ಸರಿಯಿರಲಿಲ್ಲ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಬಿಸ್ಮಿಲ್ಲಾ ಹೇಳಿ ತಿರುಗಿಸಿದೆ. ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಹಿಡಿಯಿತು. ಉಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟಿದ್ದರಿಂದ ಹಿಂದಿನ ಚಕ್ರಗಳು ತುಕ್ಕಿಗೆ ಕಚ್ಚಿಕೊಂಡಿದ್ದವು, ಅದನ್ನು ಬಿಡಿಸಲು ಮತ್ತೊಂದು ದಿನ ಹೋಯಿತು.

ಅಬ್ಬ ಬಂದರು. ಬಜ್ಪೆಯಿಂದ ಮನೆವರೆಗೆ ಕಾರನ್ನು ಹೊಗಳುತ್ತಲೇ ಬಂದರಂತೆ. ಮರುದಿನ ಬೆಳಿಗ್ಗೆ ಸುಬ್ಹಿ ನಮಾಜು ಮುಗಿಸಿ ಬರುವಾಗ ಷೆಡ್ಡಿನಲ್ಲಿ ಬಾನೆಟ್ ಎತ್ತಿ ನಿಂತಿದ್ದರು. ಹೊಸ ಬ್ಯಾಟರಿ ಎದುರಿಗೇ ಹೊಳೆಯುತ್ತಿತ್ತು. ನಾನು ಹತ್ತಿರ ಹೋಗಿ, ಯಾವ ತಿಂಗಳಿಂದ ಸ್ಟಾರ್ಟ್ ಮಾಡಿರಲಿಲ್ಲ ಎಂದು ಹೇಳಿದೆ. ಎಷ್ಟು ಶುಕ್ರವಾರ ಎಂದೂ ಹೇಳಿದೆ.

ಅವರು ಮಾತಾಡಲಿಲ್ಲ. ಬ್ಯಾಟರಿಯ ಟ್ರೇಯ ಕೆಳಗೆ ಬೆರಳು ತೂರಿಸಿ, ನಾವು ಗೂಡು ತೆಗೆಯುವಾಗ ಉಳಿದಿದ್ದ ನೀಲಿ ಚೌಕಳಿಯ ಬಟ್ಟೆಯ ಚೂರೊಂದನ್ನು ಎಳೆದು ತೆಗೆದರು. ಬೆಳಕಿಗೆ ಹಿಡಿದು ನೋಡಿದರು.

"ಇದು ನನ್ನ ಹಳೇ ಲುಂಗಿಯದ್ದಲ್ವಾ?"