ಕಡಲ ಕಳೆ

ಸಾಕ್ಷ್ಯಚಿತ್ರವೆಂದರೆ ನನಗೆ ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೆ. ನಾನು ಹುಡುಗನಾಗಿದ್ದಾಗ ಮಂಡ್ಯದ ಚಿತ್ರಮಂದಿರದಲ್ಲಿ ಮುಖ್ಯಚಿತ್ರಕ್ಕೆ ಮೊದಲು ಸರ್ಕಾರದ ವಾರ್ತಾಚಿತ್ರವೊಂದು ಓಡುತ್ತಿತ್ತು. ಎಲ್ಲಿಯೋ ಪ್ರವಾಹ, ಎಲ್ಲಿಯೋ ಅಣೆಕಟ್ಟು, ಯಾರೋ ಮಂತ್ರಿಗಳು ಕತ್ತರಿಸುವ ಟೇಪು. ಅದು ಮುಗಿಯುವ ತನಕ ಹೊರಗೆ ನಿಂತು ಕಡಲೆಕಾಯಿ ತಿನ್ನುವುದೇ ಜಾಣರ ಲಕ್ಷಣವೆಂದು ನಾವು ಹುಡುಗರು ನಂಬಿದ್ದೆವು. ಅಪ್ಪ ಮಾತ್ರ ಮೊದಲೇ ಒಳಗೆ ಹೋಗಿ ಕುಳಿತು, ಬೇಸಾಯದ ಸುದ್ದಿ ಬಂದರೆ ಮುಂದಕ್ಕೆ ಬಾಗಿ ನೋಡುತ್ತಿದ್ದರು. “ಟಿಕೇಟಿನ ದುಡ್ಡಿನಲ್ಲಿ ಇದೂ ಸೇರಿದೆ ಕಣೋ” ಎನ್ನುತ್ತಿದ್ದರು.

ಆ ಬಾಕಿಯನ್ನು ಈಗ ನನ್ನ ಮಗಳು ವಸೂಲು ಮಾಡುತ್ತಿದ್ದಾಳೆ. ಹತ್ತು ವರ್ಷದವಳು. ಮೊನ್ನೆ ಒಂದು ಭಾನುವಾರ, ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಅಡಗಿದ್ದ ನನ್ನನ್ನು ಎಳೆದು ತಂದು ‘2040’ ಎಂಬ ಚಿತ್ರದ ಮುಂದೆ ಕೂರಿಸಿದಳು. ಆಸ್ಟ್ರೇಲಿಯಾದ ಡೇಮನ್ ಗೇಮೊ ಎಂಬಾತ 2019ರಲ್ಲಿ ತೆಗೆದದ್ದು. ತನ್ನ ನಾಲ್ಕು ವರ್ಷದ ಮಗಳು ದೊಡ್ಡವಳಾಗುವ ಹೊತ್ತಿಗೆ ಲೋಕ ಹೇಗಿರಬಹುದೆಂದು ಆತ ಕನಸು ಕಾಣುತ್ತಾನೆ. ಕನಸಿಗೂ ಒಂದು ಕಟ್ಟುಪಾಡು ಹಾಕಿಕೊಂಡಿದ್ದಾನೆ: ಎಲ್ಲಿಯಾದರೂ ಈಗಾಗಲೇ ನಡೆಯುತ್ತಿರುವುದನ್ನು ಮಾತ್ರವೇ ಕಾಣಬೇಕು. ಬಿಸಿಲಿನ ವಿದ್ಯುತ್ತು, ಮಣ್ಣಿಗೆ ಮತ್ತೆ ಸಾರ ತುಂಬುವ ಬೇಸಾಯ, ಅವುಗಳ ಜೊತೆಗೆ ಕಡಲಪಾಚಿ. ಇದಕ್ಕೆ ಉಳುವ ನೆಲ ಬೇಡ, ಸಿಹಿನೀರು ಬೇಡ. ಬೆಳೆಯುತ್ತಾ ನೀರಿನಲ್ಲಿನ ಇಂಗಾಲವನ್ನು ಹೀರುತ್ತದೆ, ಮೀನುಗಳಿಗೆ ಮರೆಯಾಗುತ್ತದೆ.

ಇದಕ್ಕೆ ಕಡಲಕಳೆ ಎಂದೂ ಹೆಸರುಂಟು. ಕನ್ನಡ ಮೇಷ್ಟರ ಚಪಲ ನೋಡಿ. ಚಿತ್ರ ಓಡುತ್ತಿರುವಾಗಲೇ ನನ್ನ ಮನಸ್ಸು ಆ ಪದಕ್ಕೆ ಸಿಕ್ಕಿಕೊಂಡಿತು. ಹೊಲದಲ್ಲಿದ್ದರೆ ಕಿತ್ತೆಸೆಯುವ ಕಳೆ. ಮುಖದಲ್ಲಿದ್ದರೆ ಎಲ್ಲರೂ ಮೆಚ್ಚುವ ಕಳೆ. ಕಳೆದುಕೊಳ್ಳುವುದಕ್ಕೂ ಅದೇ ಎರಡಕ್ಷರ.

ಜಪಾನೀಯರು ಅನ್ನದುಂಡೆಗೆ ಸುತ್ತುವ ನೋರಿಯೂ ಇಂಥದೊಂದು ಪಾಚಿಯೇ. ಅದನ್ನು ಬೆಳೆಯುವವರಿಗೆ ಅದರ ಬೀಜ ಎಲ್ಲಿಂದ ಬರುತ್ತದೆಂಬುದೇ ಬಹುಕಾಲ ತಿಳಿದಿರಲಿಲ್ಲವಂತೆ. ಸಮುದ್ರದಲ್ಲಿ ಬಿದಿರು ನೆಟ್ಟು, ಬಲೆ ಕಟ್ಟಿ, ಅದೃಷ್ಟವಿದ್ದರೆ ಬೆಳೆ ಎಂದು ಕಾಯುವುದು. ಗುಟ್ಟನ್ನು ಬಿಡಿಸಿದಾಕೆ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿದ್ದ ಆಕೆ 1928ರಲ್ಲಿ ಮದುವೆಯಾದದ್ದೇ ತಪ್ಪಾಗಿ ಕೆಲಸ ಹೋಯಿತು. ಮದುವೆಯಾದ ಹೆಂಗಸರನ್ನು ಇಟ್ಟುಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಆದರೂ ಸಂಶೋಧನೆ ಬಿಡಲಿಲ್ಲ. ಆ ಜಾತಿಯ ಪಾಚಿ ತನ್ನ ಬಾಳಿನ ಒಂದು ಘಟ್ಟವನ್ನು ಚಿಪ್ಪುಗಳೊಳಗೆ, ಬೇರೊಂದೇ ಸಸ್ಯವೆಂಬಂಥ ರೂಪದಲ್ಲಿ ಕಳೆಯುತ್ತದೆಂದು 1949ರಲ್ಲಿ ತೋರಿಸಿಕೊಟ್ಟರು. ಜಪಾನಿನಲ್ಲಿ ಬೆಳೆ ಕೈಕೊಟ್ಟಿದ್ದ ಕಾಲ ಅದು. ಅಲ್ಲಿನವರು ಈ ತಿಳಿವನ್ನು ಹಿಡಿದು ಚಿಪ್ಪುಗಳಲ್ಲಿ ಬೀಜ ಬೆಳೆಸಿದರು, ಜೂಜು ಬೇಸಾಯವಾಯಿತು. ಆಕೆ 1957ರಲ್ಲಿ ತೀರಿಕೊಂಡರು. ಜಪಾನನ್ನು ಒಮ್ಮೆಯೂ ಕಾಣಲಿಲ್ಲ. 1963ರಲ್ಲಿ ಉತೊ ಎಂಬ ಊರಿನಲ್ಲಿ ಆಕೆಯ ನೆನಪಿಗೆ ಕಲ್ಲು ನೆಟ್ಟರು. ಒಂದು ಊರು ಕಳೆಯೆಂದು ಕಿತ್ತುಹಾಕಿದ್ದನ್ನು ಇನ್ನೊಂದು ಊರು ಬೆಳೆಯೆಂದು ಪೂಜಿಸಿತು.

ಮಗಳಿಗೆ ಒಂದು ಚಿತ್ರ ಸಾಲಲಿಲ್ಲ. ನಮ್ಮದೇ ರಾಮನಾಥಪುರದ ಕಡಲತೀರದ ಹೆಂಗಸರದೊಂದು ಸಣ್ಣ ಚಿತ್ರವನ್ನೂ ಹುಡುಕಿ ಹಾಕಿದಳು. ಇಲ್ಲಿ ಕನಸಿನ ಸಂಗೀತವಿಲ್ಲ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಬಂಡೆಯ ಅಲಗು ಕುಯ್ಯದಂತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ ಪಾಚಿ ಕೀಳುತ್ತಾರೆ. ಆ ತೀರದಲ್ಲಿಯೇ ಮಂಟಪಂ ಸುತ್ತ ಬಿದಿರಿನ ತೆಪ್ಪಗಳ ಮೇಲೆ ಬೇಸಾಯವೂ ಉಂಟು. ಹಿಡಿಹಿಡಿಯಾಗಿ ಹಗ್ಗಕ್ಕೆ ಕಟ್ಟಿ ಬಿಟ್ಟರೆ ಸುಮಾರು 45 ದಿನಕ್ಕೆ ಕೊಯ್ಲು. ಅದರಿಂದ ತೆಗೆದ ಅಂಟು ಐಸ್‌ಕ್ರೀಮಿಗೂ ಹಲ್ಲುಜ್ಜುವ ಪೇಸ್ಟಿಗೂ ಹೋಗುತ್ತದೆ. ಆದರೆ ಹಾಗೆ ಬೆಳೆಯುವ ಕಪ್ಪಾಫೈಕಸ್ ಹೊರನಾಡಿನಿಂದ ಬಂದ ಜಾತಿ. ಅದು ತೆಪ್ಪ ಬಿಟ್ಟು ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿ ಮುಚ್ಚತೊಡಗಿದೆಯೆಂದು 2008ರಲ್ಲಿ ವಿಜ್ಞಾನಿಗಳು ಬರೆದರು. ಬೆಳೆ ಎಂದು ತಂದದ್ದು ಅಲ್ಲಿ ಕಳೆಯಾಗಿತ್ತು. ಕಡಲಾದರೂ ಬೇಸಾಯ ಬೇಸಾಯವೇ; ಬದುವಿಲ್ಲದ ಹೊಲವೆಂದರೆ ಕಾವಲು ಹೆಚ್ಚು ಬೇಕು.

ಇದನ್ನೆಲ್ಲ ನಾನು ಮೇಷ್ಟರ ಗತ್ತಿನಲ್ಲಿ ವಿವರಿಸುತ್ತಿದ್ದೆ. ಮಗಳು ಕೇಳಿದಳು: “ಅಪ್ಪಾ, ತಾತನ ಗದ್ದೆಯಲ್ಲಿ ಏನು ಬೆಳೀತಿತ್ತು?”

“ಭತ್ತ.”

“ಈಗ?”

ನಾನು ಉತ್ತರಪತ್ರಿಕೆಗಳ ಕಡೆ ನೋಡಿದೆ. ನಾಲೆಯ ಬಯಲಿನ ಒಂದು ಎಕರೆ ಹತ್ತು ಗುಂಟೆ. ಅಪ್ಪ ಹೊಂಗೆಸೊಪ್ಪು ತುಳಿದು ಮಣ್ಣು ಕಾಪಾಡಿಕೊಂಡಿದ್ದರು. ನಾಟಿಯಾದ ಮೇಲೆ ಕಳೆ ತೆಗೆಯಲು ಆಳುಗಳ ಸಾಲಿನಲ್ಲಿ ತಾವೂ ಬಗ್ಗಿ ನಿಲ್ಲುತ್ತಿದ್ದರು. ಆತುರದಲ್ಲಿ ನಾನು ಪೈರನ್ನೇ ಕಿತ್ತರೆ ಬಯ್ಯದೆ ಅದನ್ನು ಮತ್ತೆ ಕೆಸರಿಗೆ ಊರುತ್ತಿದ್ದರು. ಅವರು ತೀರಿಕೊಂಡ ಎರಡನೆಯ ವರ್ಷ ನಾನು ಅದನ್ನು ಮಾರಿದೆ. ಕಾರಣಗಳು ಬೇಕಾದಷ್ಟಿದ್ದವು: ನೋಡಿಕೊಳ್ಳುವವರಿಲ್ಲ, ಆಳು ಸಿಕ್ಕುವುದಿಲ್ಲ, ಮನೆಯ ಸಾಲ. ಒಂದೂ ಸುಳ್ಳಲ್ಲ. ಈಗ ಅಲ್ಲಿ ನಿವೇಶನದ ಕಲ್ಲುಗಳು ಸಾಲಾಗಿ ನಿಂತಿವೆ. ನೋಡಿದವರು ಹೇಳಿದ್ದು; ನಾನು ಹೋಗಿಲ್ಲ.

“ಈಗ ಏನೂ ಬೆಳೆಯೋಲ್ಲ” ಎಂದೆ.

ಅವಳು ಮತ್ತೇನೂ ಕೇಳಲಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿ, 2040ಕ್ಕೆ ನಾನು ನಿವೃತ್ತನಾಗಿರುತ್ತೇನೆಂದು ಹೇಳಿ ಮಲಗಲು ಹೋದಳು. ಆ ಚಿತ್ರದ ತಂದೆ ಮಗಳಿಗೆ ತೋರಿಸಲು ಲೋಕವನ್ನೆಲ್ಲ ಸುತ್ತಿ ಬಂದ. ನನಗೆ ಅಷ್ಟು ದೂರವೇನಿಲ್ಲ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಬರುವ ಭಾನುವಾರ ಅವಳನ್ನು ಕರೆದುಕೊಂಡು ಹೋಗಿ ಆ ಕಲ್ಲುಗಳ ನಡುವೆ ನಿಲ್ಲಿಸಬೇಕೆಂದಿದ್ದೇನೆ. ಅಪ್ಪ ಹೇಳುತ್ತಿದ್ದಂತೆ, ಟಿಕೇಟಿನ ದುಡ್ಡಿನಲ್ಲಿ ಇದೂ ಸೇರಿದೆ.