ಇಸ್ಪೀಟಿನ ಗುಲಾಮ

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಸುಲಭವಲ್ಲ. ಕಳೆದ ಶ್ರಾವಣದಲ್ಲಿ ಎಂಟು ವರ್ಷದ ಮೊಮ್ಮಗಳನ್ನು ಕೂರಿಸಿಕೊಂಡು ಇಸ್ಪೀಟ್ ಕಲಿಸುತ್ತಿದ್ದೆ.

"ಅಜ್ಜಾ, ರಾಜ, ರಾಣಿ ಗೊತ್ತಾತು. ಈ ಗುಲಾಮ ಅಂದ್ರ ಯಾರು?"

"ಆಳು" ಎಂದೆ, ಆಟ ಮುಂದುವರಿಯಲೆಂದು.

"ಹಂಗಾರ ನಮ್ಮನಿಗೆ ಭಾಂಡಿ ತಿಕ್ಕಾಕ ಬರೋ ಅಕ್ಕಾನೂ ಗುಲಾಮನ?"

ಎಲೆಗಳನ್ನು ಕೆಳಗಿಟ್ಟೆ. ತಪ್ಪು ಉತ್ತರ ಕೊಟ್ಟವನು ನಾನೇ.

"ಅಲ್ಲವ್ವಾ. ಅಕ್ಕಾಗ ಪಗಾರ ಐತಿ. ಬ್ಯಾಡ ಅನಿಸಿದ್ರ ನಾಳೆನ ಕೆಲಸ ಬಿಡಬಹುದು. ಗುಲಾಮಗ ಬಿಟ್ಟು ಹೋಗಾಕ ಆಗ್ತಿರಲಿಲ್ಲ. ಸಂತ್ಯಾಗ ಎಮ್ಮಿ ಮಾರಿದಂಗ ಮನುಷ್ಯಾರನ್ನ ಮಾರತಿದ್ರು."

ಇಷ್ಟು ಸಣ್ಣ ಮಗುವಿಗೆ ಇದನ್ನೆಲ್ಲ ಹೇಳಬೇಕೆ ಎಂದು ಒಮ್ಮೆ ಅಳುಕಿದೆ. ಚಾಟಿ, ಸರಪಳಿಗಳ ಮಾತು ಬಿಟ್ಟು, ಅವಳು ಕಂಡದ್ದರಿಂದಲೇ ಶುರು ಮಾಡಿದೆ. ಸಿದ್ದಿ ಜನರ ದಮಾಮಿ ಕುಣಿತವನ್ನು ಅವಳು ನೋಡಿದ್ದಳು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲೂ ನಮ್ಮ ಕಲಘಟಗಿಯ ಕಡೆಗೂ ಇರುವ ಸಿದ್ದಿಯವರ ಹಿರಿಯರು ಆಫ್ರಿಕದವರು. ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಹಡಗಿನಲ್ಲಿ ಗೋವೆಗೆ ತಂದು ಗುಲಾಮರಾಗಿ ದುಡಿಸಿದರು. ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳೇ ಇಂದಿನ ಸಿದ್ದಿಯವರು. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ 2020ರಲ್ಲಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು.

ಮಲಿಕ್ ಅಂಬರನ ಕಥೆಯನ್ನೂ ಹೇಳಿದೆ. ಇಥಿಯೋಪಿಯದಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖ್ಖನ್ನಿಗೆ ಬಂದವನು ಅವನು. ಮುಂದೆ ಅಹ್ಮದನಗರ ರಾಜ್ಯದ ಸೂತ್ರವನ್ನೇ ಹಿಡಿದು, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರ ದಂಡನ್ನು ಕಾಡಿದ.

"ಗುಲಾಮ ರಾಜನ್ನ ಸೋಲಿಸಿದಾ!" ಎಂದು ಅವಳು ಚಪ್ಪಾಳೆ ತಟ್ಟಿದಳು.

"ಎಲ್ಲಾರಿಗೂ ಅಂಬರ ಆಗಾಕ ಆಗಲಿಲ್ಲವ್ವಾ. ಆಗದವರಿಗೂ ಅದು ಅನ್ಯಾಯನ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ನಿಮ್ಮ ಊರಾಗ ಇದ್ರೇನು ಗುಲಾಮರು?"

ಇಲ್ಲ ಎಂದಿದ್ದರೆ ಮತ್ತೆ ಆಟ ಮುಂದುವರಿಯುತ್ತಿತ್ತು. ಆದರೆ ನಮ್ಮ ಮನೆಯಲ್ಲೇ ಒಬ್ಬ ಹುಡುಗ ಜೀತಕ್ಕಿದ್ದ. ಮಗಳ ಮದುವೆಗೆಂದು ಅವನಪ್ಪ ನಮ್ಮಜ್ಜನ ಹತ್ತಿರ ಸಾಲ ತಂದಿದ್ದ. ಅದು ತೀರುವವರೆಗೆ ಮಗ ನಮ್ಮ ದನ ಕಾಯಬೇಕು. ಬಡ್ಡಿ ಬೆಳೆಯುತ್ತಿತ್ತು, ಹುಡುಗನೂ ಬೆಳೆಯುತ್ತಿದ್ದ. 1976ರಲ್ಲಿ ಜೀತ ರದ್ದಿನ ಕಾಯ್ದೆ ಬಂದು ಇಂಥ ಸಾಲಗಳೇ ಅಳಿದವು. ಅಷ್ಟರಲ್ಲಿ ಅವನ ಬಾಲ್ಯ ಮುಗಿದಿತ್ತು. ನನಗಿಂತ ಮೂರು ವರ್ಷ ದೊಡ್ಡವನು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿ, ಶಾಲೆಯ ಬಾಗಿಲಲ್ಲಿ ಇಳಿಸಿ, ದನಗಳ ಕಡೆ ತಿರುಗುತ್ತಿದ್ದ.

"ಅಂವಗ ನೀ ಒಳಗ ಬಾ ಅನ್ಲಿಲ್ಲೇನು?"

"ಇಲ್ಲವ್ವಾ."

"ಯಾಕ?"

"ನನಗ ಹೊಳೀಲೇ ಇಲ್ಲ."

ಅರವತ್ತು ವರ್ಷಗಳಾದ ಮೇಲೂ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಮಕ್ಕಳ ಮನಸ್ಸು ನೋಯುತ್ತದೆಂದು ನಾವು ಹಿರಿಯರು ಇಂಥವನ್ನು ಮುಚ್ಚಿಡುತ್ತೇವೆ. ನನಗೂ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಒಂದು ದಿನವಾದರೂ ಅವನ ಕೈ ಹಿಡಿದು ಒಳಗೆ ಎಳೆಯುತ್ತಿದ್ದೆನೇನೋ.

ಮರುದಿನ ಬೆಳಿಗ್ಗೆ ಅಕ್ಕ ಬಂದಾಗ ಮೊಮ್ಮಗಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಕ್ಕಾ, ನಿಮ್ಮ ಮಗಳು ಸಾಲಿಗೆ ಹೋಗ್ತಾಳಲ್ಲ?"

"ಹೋಗ್ತಾಳವ್ವಾ, ಈಗ ಐದನೇತ್ತಾ. ಯಾಕ?"

"ಸುಮ್ನ ಕೇಳಿದೆ" ಎಂದು ದಾರಿ ಬಿಟ್ಟಳು.