ದಸ್ತೂರಿಯಲ್ಲಿ ಬಿಟ್ಟ ಮನೆ

ಪ್ರವಾಸಿಗರ ಮೋಟಾರು ಮಾಥೆರಾನ್ ಊರೊಳಗೆ ಹೋಗುವಂತಿಲ್ಲವೆಂಬುದು ಮುಂಬಯಿಯ ಬಾಂಧವರಿಗೆ ತಿಳಿದದ್ದೇ. ನೇರಳಿನಿಂದ ಘಟ್ಟವೇರಿದ ವಾಹನ ದಸ್ತೂರಿ ನಾಕೆಯಲ್ಲೇ ನಿಲ್ಲತಕ್ಕದ್ದು; ಪೇಟೆ ಅಲ್ಲಿಂದ ಸುಮಾರು 2.5 ಕಿಲೋಮೀಟರು.

ಪುಣೆಯ ಕಡೆ ಸುತ್ತಿ ಬರುತ್ತಿದ್ದ ನಮ್ಮದು ಬಾಡಿಗೆಯ ಮೋಟಾರು ಮನೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಫ್ರಿಜ್ಜು ಸಕಲವೂ ಅದರಲ್ಲುಂಟು. ಇಂಥ ಮನೆಯನ್ನು ಕೆಮ್ಮಣ್ಣಿನ ಬಯಲಲ್ಲಿ ನಿಲ್ಲಿಸಿ, ಮೇಲೆ ಎರಡು ರಾತ್ರಿಗೆ ಕೋಣೆ ಹಿಡಿಯಬೇಕು!

ಚೀಟಿ ಹರಿದವನು ಹಣವೆಣಿಸಿಕೊಂಡನೇ ಹೊರತು ಕಾವಲಿನ ಮಾತೆತ್ತಲಿಲ್ಲ. ಕೋತಿಗಳು ಮಾತ್ರ ಆಗಲೇ ಗಾಡಿಯ ನೆತ್ತಿಯೇರಿ ಪಹರೆ ಆರಂಭಿಸಿದ್ದವು. ಚಿಂತೆ ಅದಲ್ಲ, ಅಮ್ಮನ ಇನ್ಸುಲಿನ್ ಫ್ರಿಜ್ಜಿನಲ್ಲಿತ್ತು. ಎಂಜಿನು ನಿಂತ ಮೇಲೆ ಫ್ರಿಜ್ಜು ಬ್ಯಾಟರಿಯನ್ನು ಹೀರುತ್ತದೆ. ಅದು ಬರಿದಾದರೆ, ಮುಚ್ಚಿದ ಗಾಡಿಯೊಳಗೆ ಬಿಸಿಲಿನ ಕಾವಿಗೆ ಔಷಧ ಕೆಡದೆ ಇದ್ದೀತೆ? ನಮ್ಮಾಕೆ ಸೀಸೆಗೆ ತಣ್ಣನೆಯ ಬಟ್ಟೆ ಸುತ್ತಿ ಥರ್ಮಾಸಿನಲ್ಲಿಟ್ಟರು. ನಾವು ಫ್ರಿಜ್ಜು ಆರಿಸಿದೆವು.

ಪಕ್ಕದ ಅಮನ್ ಲಾಡ್ಜ್ ನಿಲ್ದಾಣದಲ್ಲಿ ಪುಟ್ಟ ರೈಲು ಸಿಕ್ಕಿತು. 1907ರಿಂದ ಈ ಗುಡ್ಡ ಹತ್ತುತ್ತಿರುವ ಹಳಿಯದು. ಅಮ್ಮ ಥರ್ಮಾಸನ್ನು ಮಡಿಲಲ್ಲಿಟ್ಟುಕೊಂಡು, "ಮನೆಗೆ ಬೀಗ ಹಾಕಿದೆಯೇನೋ?" ಎಂದು ಮೂರು ಸಲ ಕೇಳಿದರು.

ಮೂರನೆಯ ದಿನ ಇಳಿದು ಬಂದರೆ ಹಿಂದೆಮುಂದೆ ಟ್ಯಾಕ್ಸಿಗಳು ಒತ್ತಿ ನಿಂತಿದ್ದವು. ಒಬ್ಬೊಬ್ಬ ಚಾಲಕನನ್ನೂ ಹುಡುಕಿ ತಂದು ದಾರಿ ಬಿಡಿಸುವ ಹೊತ್ತಿಗೆ ಒಳಗೆ ಎರಡು ಸಲ ಕಾಫಿಯಾಗಿತ್ತು.